ಊರು ಕೂಡಿಸಲು 3 ಲಕ್ಷ ಇಟ್ಟಿದ್ದೇನೆ, ಹೇಗೆ ಕೊಡಲಿ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಕೊಪ್ಪಳ ಜಿಲ್ಲೆಯ ಹಳ್ಳಿಯವಳು. ನಮ್ಮೂರಲ್ಲಿ ಮೊಹರಂ ಬಂದರೆ ಎಲ್ಲರೂ ಸೇರಿ ಅಲಾಯಿ ಕುಣಿಯುತ್ತಿದ್ದರು. ಎರಡು ವರ್ಷದ ಹಿಂದೆ ಹುಡುಗರ ಜಗಳವೊಂದು ಓಣಿ ಓಣಿಗೆ ಹಬ್ಬಿತು. ಈಗ ಒಬ್ಬರ ಮದುವೆಗೆ ಇನ್ನೊಬ್ಬರು ಹೋಗುವುದಿಲ್ಲ. ನಮ್ಮ ಯಜಮಾನರ ನೆನಪಿಗೆ 3 ಲಕ್ಷ ರೂಪಾಯಿ ತೆಗೆದಿಟ್ಟಿದ್ದೇನೆ. ಒಂದು ಸಂಸ್ಥೆಯವರು ದೊಡ್ಡ ಸೌಹಾರ್ದ ಸಮಾವೇಶ ಮಾಡೋಣ ಅನ್ನುತ್ತಾರೆ. ಕೊಡಬಹುದಾ? ತೆರಿಗೆ ರಿಯಾಯಿತಿ ಸಿಗುತ್ತದಾ?

ಉತ್ತರ: ಸಮಾವೇಶಕ್ಕೆ ಕೊಡಬೇಡಿ ಮೇಡಂ. ಅಂಥದ್ದೊಂದರಲ್ಲಿ ನಾನೇ ಊಟ ಬಡಿಸಿದ್ದೇನೆ. ವೇದಿಕೆ ಮೇಲೆ ಹಿರಿಯರು ಕೈ ಹಿಡಿದು ಫೋಟೊ ತೆಗೆಸಿಕೊಂಡರು. ಕೆಳಗೆ ಪಂಕ್ತಿಯಲ್ಲಿ ಜನ ತಾವು ಬಂದ ಟ್ರ್ಯಾಕ್ಟರ್ ಪ್ರಕಾರವೇ ಕೂತರು, ಉಂಡರು, ಅದೇ ಟ್ರ್ಯಾಕ್ಟರ್ ಹತ್ತಿ ಹೋದರು. ಶಾಮಿಯಾನಕ್ಕೂ ಶಾಲಿಗೂ ಹಾಕಿದ ಆ ದುಡ್ಡು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಜನ ಸುಮ್ನೆ ಒಂದೆಡೆ ಸೇರಿದರೆ ಸಾಲದು. ಇದನ್ನು ಚೆನ್ನಾಗಿ ತೋರಿಸಿದ್ದು ಮ್ಯಾಥ್ಯೂ ಲೋ ಎಂಬ ಅರ್ಥಶಾಸ್ತ್ರಜ್ಞರ ಅಧ್ಯಯನ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಬೇರೆ ಬೇರೆ ಜಾತಿಯ 1,261 ಯುವಕರನ್ನು ಆರಿಸಿ, ಅವರಲ್ಲಿ ಹಲವರಿಗೆ ತಿಂಗಳ ಕಾಲ ಕ್ರಿಕೆಟ್ ಲೀಗ್ ನಡೆಸಿದರು. ಕೆಲವು ತಂಡಗಳಲ್ಲಿ ಒಂದೇ ಜಾತಿಯವರು, ಕೆಲವುಗಳಲ್ಲಿ ಎಲ್ಲರೂ. ಒಂದೇ ತಂಡಕ್ಕೆ ಆಡಿದವರ ನಡುವೆ ಜಾತಿ ಮೀರಿದ ಗೆಳೆತನ ಜಾಸ್ತಿಯಾಯಿತು. ಬಹುಮಾನ ಯಾರಿಗೆ ಅಂತ ಮತ ಹಾಕುವಾಗ ನಮ್ಮವನು ಅನ್ನುವ ಪಕ್ಷಪಾತವೂ ತಗ್ಗಿತು. ಬೇರೆ ಜಾತಿಯವರನ್ನು ಎದುರಾಳಿಗಳಾಗಿ ಹೆಚ್ಚು ಎದುರಿಸಿದವರಲ್ಲಿ ಮಾತ್ರ ಜಾತಿ ಮೀರಿದ ಒಡನಾಟ ಸಾಮಾನ್ಯವಾಗಿ ಕಡಿಮೆಯಾಯಿತು.

ಹಾಗಾಗಿ ವಾಲಿಬಾಲ್ ಪಂದ್ಯ ಇಟ್ಟರೂ ಓಣಿಗೊಂದು ತಂಡ ಮಾಡಬೇಡಿ. ಹುಡುಗರನ್ನು ಕಲಸಿ ತಂಡ ಮಾಡಿ. ಹಿರಿಯರಿಗೆ, ಹೆಂಗಸರಿಗೆ ತಿಂಗಳಿಗೆರಡು ಬೈಠಕ್ ಇಡಿ, 15 ಜನಕ್ಕಿಂತ ಹೆಚ್ಚು ಬೇಡ. ಮೊದಲ ದಿನವೇ ಜಗಳದ ಮಾತು ಎತ್ತಬೇಡಿ. ಕುಡಿಯುವ ನೀರು, ಸಂಜೆ ಬಸ್ಸು, ಶಾಲೆಯ ಕಾಂಪೌಂಡು, ಇಂಥದ್ದರಿಂದ ಶುರು ಮಾಡಿ. ಸೇರಿ ಒಂದು ಅರ್ಜಿ ಬರೆದು ತಹಶೀಲ್ದಾರರ ಕಚೇರಿಗೆ ಹೋಗಿ ಬಂದವರಿಗೆ ಹಳೇ ನೋವನ್ನು ಆಡಿಕೊಳ್ಳುವ ಧೈರ್ಯ ತಾನಾಗಿ ಬರುತ್ತದೆ. ಆ ಮಾತು ಬಂದಾಗ ಅಡ್ಡ ಬಾಯಿ ಹಾಕದೆ ಕೇಳಿಸಿಕೊಳ್ಳುವುದು ಹೇಗೆ ಅಂತ ಹೇಳಿಕೊಡಲು ನಿಮಗಿಂತ ಬೇರೆಯವರು ಬೇಕಾ?

ಈಗ ದುಡ್ಡಿನ ಲೆಕ್ಕ. 3 ಲಕ್ಷವನ್ನು ಠೇವಣಿ ಇಟ್ಟು ಶೇಕಡಾ 7 ಬಡ್ಡಿ ಬಂದರೂ ತಿಂಗಳಿಗೆ ಸಿಗುವುದು 1,750 ರೂಪಾಯಿ. ಅದರಲ್ಲಿ ಏನೂ ಆಗುವುದಿಲ್ಲ. ಅದನ್ನೇ ಎರಡು ವರ್ಷಕ್ಕೆ ಹಂಚಿದರೆ ತಿಂಗಳಿಗೆ 12,500. ಇದರಲ್ಲಿ 8,000 ಊರಿನ ಒಬ್ಬರಿಗೆ ಅರೆಕಾಲಿಕ ಸಂಬಳ ಕೊಡಿ. ಮನೆಮನೆಗೆ ಹೋಗಿ ಕರೆಯುವವರು, ಮುನಿಸಿಕೊಂಡು ಎದ್ದುಹೋದವರನ್ನು ಮರುದಿನ ಹುಡುಕಿಕೊಂಡು ಹೋಗುವವರು ಇರಲೇಬೇಕು. ದಾನ ಕೊಡುವವರು ಸಂಬಳ ಅಂದ ಕೂಡಲೇ ಮುಖ ತಿರುಗಿಸುತ್ತಾರೆ, ಕೆಲಸ ನಿಲ್ಲುವುದೇ ಅಲ್ಲಿ. ಉಳಿದದ್ದು ಚಹಾ, ಚುರುಮುರಿ, ಬಸ್ ಚಾರ್ಜು, ಚೆಂಡು, ನೆಟ್‌ಗೆ. ಸಂಸ್ಥೆಯ ಮೂಲಕ ಕೊಡುವುದಾದರೆ ಒಂದೇ ಸಲ ಕೊಡದೆ ಮೂರು ತಿಂಗಳಿಗೊಮ್ಮೆ ಕಂತಿನಲ್ಲಿ ಕೊಡಿ. ಪ್ರತಿ ಕಂತಿಗೂ ಮುಂಚೆ ಊರಲ್ಲಿ ಅಡ್ಡಾಡಿ ಬನ್ನಿ. ಯಾರ ಮನೆಯ ಲಗ್ನಪತ್ರಿಕೆ ಯಾವ ಓಣಿಗೆ ಹೋಗಿದೆ ಅಂತ ವಿಚಾರಿಸಿ.

ಇನ್ನು ತೆರಿಗೆ. ದಾನಕ್ಕೆ ಸಿಗುವ, ಎಲ್ಲರೂ 80ಜಿ ಅನ್ನುವ ರಿಯಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ ಸಿಗುತ್ತದೆ. ಸಂಸ್ಥೆಗೆ ಅದರ ನೋಂದಣಿ ಇರಬೇಕು. 2,000 ರೂಪಾಯಿ ಮೀರಿದ ನಗದಿಗೆ ಸಿಗುವುದಿಲ್ಲ, ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಿ. ಸಾಮಾನ್ಯ ಟ್ರಸ್ಟ್‌ಗಳಿಗೆ ಕೊಟ್ಟಿದ್ದರಲ್ಲಿ ಅರ್ಧದಷ್ಟನ್ನು ಆದಾಯದಿಂದ ಕಳೆಯಬಹುದು, ಅದಕ್ಕೂ ಆದಾಯದ ಮೇಲೆ ಮಿತಿ ಇದೆ. ನಿಮ್ಮ ಪಿಂಚಣಿಗೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬರದಿರಬಹುದು. ಬರೀ ರಿಯಾಯಿತಿಗಾಗಿ ಹಳೆಯದಕ್ಕೆ ಹೋಗುವ ಮುಂಚೆ ಆಡಿಟರ್ ಹತ್ತಿರ ಎರಡನ್ನೂ ಲೆಕ್ಕ ಹಾಕಿಸಿ.