ಅಮೆರಿಕದಲ್ಲಿ ಕಂಪನಿ ಇನ್ಶೂರೆನ್ಸ್ ಗರ್ಭನಿರೋಧಕದ ಖರ್ಚು ಕೊಡಲೇಬೇಕು ಅಂತ ಯಾಕಿಷ್ಟು ಹಠ? ನಾವೇ ದುಡ್ಡು ಕೊಟ್ಟು ತಗೊಂಡ್ರೆ ಆಗಲ್ವಾ?

ಗಂಡನಿಗೆ ಕ್ಯಾಥೊಲಿಕ್ ಯೂನಿವರ್ಸಿಟಿಲಿ ಕೆಲಸ, ನೀವು ಎಚ್4ನಲ್ಲಿ (ಕೆಲಸದ ವೀಸಾದಲ್ಲಿರೋರ ಹೆಂಡತಿಗೆ ಸಿಗೋ ವೀಸಾ) ಬರ್ತಿದೀರ, ಧರ್ಮಕ್ಕೆ ವಿರುದ್ಧ ಅಂತ ಅವರ ಇನ್ಶೂರೆನ್ಸ್ ಪ್ಲಾನಲ್ಲಿ ಇದೊಂದು ಇಲ್ವಂತೆ, ಮಾತ್ರೆ ಅಗ್ಗ ತಾನೇ ಅಂತೀರ. 2019ರಲ್ಲಿ ನಾನೂ ಹೀಗೇ ಅಂದ್ಕೊಂಡಿದ್ದೆ. ನಮ್ಮನೆಯವರಿಗೆ ಇಲಿನಾಯ್‌ನಲ್ಲಿ ಚರ್ಚಿಗೆ ಸೇರಿದ ಒಂದು ಆಸ್ಪತ್ರೆ ಗುಂಪಿನ ಐಟಿ ವಿಭಾಗದಲ್ಲಿ ಕೆಲಸ, ಮಗಳಿಗೆ ಆಗಷ್ಟೇ ಎರಡು ತುಂಬಿತ್ತು, ನಂಗೆ ಕೆಲಸ ಮಾಡೋ ಪರ್ಮಿಟ್ ಇರ್ಲಿಲ್ಲ. ಅಂದ್ರೆ ನನ್ನ ವೀಸಾನೂ ಅವರದ್ದೇ, ಇನ್ಶೂರೆನ್ಸೂ ಅವರದ್ದೇ.

ನಂಗೆ ಮೈಗ್ರೇನ್ ಇದೆ, ತಲೆನೋವು ಶುರುವಾಗೋ ಮುಂಚೆ ಕಣ್ಣಮುಂದೆ ಮಿಂಚು ಮಿಂಚಾಗಿ ಗೆರೆ ಕಾಣೋ ತರದ್ದು. ಅಂಥವರು ಈಸ್ಟ್ರೋಜೆನ್ ಇರೋ ಮಾತ್ರೆ ತಗೊಂಡ್ರೆ ಪಾರ್ಶ್ವವಾಯು ಆಗೋ ಅಪಾಯ ಜಾಸ್ತಿ, ಬೇಡವೇ ಬೇಡ ಅಂದ್ರು ಡಾಕ್ಟರ್. ಹಾಗಾಗಿ ನೀವು ಹೇಳೋ ಅಗ್ಗದ ಮಾತ್ರೆ ನನ್ನ ಲೆಕ್ಕಕ್ಕೇ ಬರ್ಲಿಲ್ಲ. ಕಾಪರ್-ಟಿ ಹಾಕಿಸ್ಕೊಳ್ಳೋದು ಅಂತಾಯ್ತು, ಒಂದ್ಸಲ ಹಾಕಿಸಿದ್ರೆ ಹತ್ತು ವರ್ಷ ಚಿಂತೆ ಇಲ್ಲ.

ಈಗ ನಾನು ಎಲ್ಲಿ ಎಡವಿದೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಅಲ್ಲೇ ಎಡವ್ತೀರ. ಕ್ಲಿನಿಕ್ಕಿಗೆ ಫೋನ್ ಮಾಡಿ "ನಮ್ಮ ಇನ್ಶೂರೆನ್ಸ್ ತಗೋತೀರಾ?" ಅಂತ ಕೇಳ್ದೆ. ತಗೋತೀವಿ ಅಂದ್ರು. ಕಾರ್ಡ್ ಮೇಲೆ ಎಲ್ಲರಿಗೂ ಗೊತ್ತಿರೋ ದೊಡ್ಡ ಇನ್ಶೂರೆನ್ಸ್ ಕಂಪನಿ ಹೆಸರಿತ್ತು, ಪ್ಲಾನಿನ ಮೊದಲನೇ ಪುಟದಲ್ಲಿ ಪ್ರಿವೆಂಟಿವ್ ಕೇರ್ (ಮುಂಜಾಗ್ರತೆಯ ಆರೈಕೆ, ಗರ್ಭನಿರೋಧಕನೂ ಇದರಲ್ಲೇ ಬರುತ್ತೆ ಅಂದ್ಕೊಂಡೆ) 100% ಅಂತ ಬರೆದಿತ್ತು, ಕನ್ನಡ ಕೂಟದ ಗೆಳತಿ ಒಬ್ರು 2012ರಿಂದ ಕಾನೂನಿನ ಪ್ರಕಾರ ಇದೆಲ್ಲ ಎಲ್ರಿಗೂ ಫ್ರೀ ಕಣೇ ಅಂದಿದ್ರು, ಅವರ ಗಂಡ ಸಾಫ್ಟ್‌ವೇರ್ ಕಂಪನಿಲಿದ್ರು, ಅವರ ಮಟ್ಟಿಗೆ ಅದು ನಿಜಾನೇ, ಧರ್ಮದ ಕಾರಣಕ್ಕೆ ವಿನಾಯಿತಿ ಇರೋ ಸಂಸ್ಥೆಗಳಿಗೆ ಮಾತ್ರ ಆ ಕಾನೂನು ತಾಗಲ್ಲ. ಆದ್ರೆ ಕ್ಲಿನಿಕ್ "ತಗೋತೀವಿ" ಅಂದ್ರೆ ಆ ಇನ್ಶೂರೆನ್ಸ್ ಕಂಪನಿ ಜೊತೆ ಅವರಿಗೆ ಒಪ್ಪಂದ ಇದೆ ಅಂತ ಅಷ್ಟೇ. ನಿಮ್ಮ ಪ್ಲಾನು ಈ ಒಂದು ಚಿಕಿತ್ಸೆಗೆ ದುಡ್ಡು ಕೊಡುತ್ತೋ ಇಲ್ವೋ ಅನ್ನೋದು ಅವರಿಗೆ ಗೊತ್ತೇ ಇರಲ್ಲ. ಅದನ್ನ ಕಾರ್ಡಿನ ಹಿಂದಿರೋ ನಂಬರಿಗೆ ಫೋನ್ ಮಾಡಿ, ಕೋಡ್ ಹೇಳಿ ಕೇಳ್ಬೇಕು: ಕಾಪರ್-ಟಿಗೆ ಜೆ7300, ಹಾಕೋದಕ್ಕೆ 58300. ನಾನು ಆ ಒಂದು ಫೋನ್ ಮಾಡ್ಲಿಲ್ಲ.

ಆಮೇಲೆ ಇನ್ಶೂರೆನ್ಸಿಂದ ಒಂದು ಕಾಗದ ಬಂತು, ಮೇಲ್ಗಡೆ ದಪ್ಪಕ್ಷರದಲ್ಲಿ "ಇದು ಬಿಲ್ ಅಲ್ಲ", ಕೆಳಗೆ ಸಣ್ಣಕ್ಷರದಲ್ಲಿ ಈ ಸೇವೆ ನಿಮ್ಮ ಪ್ಲಾನಲ್ಲಿಲ್ಲ ಅಂತ. ಅದರ ಹಿಂದೇನೇ ಕ್ಲಿನಿಕ್ಕಿನ ಅಸಲಿ ಬಿಲ್ ಬಂತು, 1,400 ಡಾಲರ್ ಚಿಲ್ಲರೆ. ಆದಾಯ ನೋಡಿ ಕಡಿಮೆ ತಗೊಳ್ಳೋ ಟೈಟಲ್ ಟೆನ್ ಅನ್ನೋ ಸರ್ಕಾರಿ ನೆರವಿನ ಕ್ಲಿನಿಕ್‌ಗಳಿವೆ, ಆದ್ರೆ ಗಂಡನ ಸಂಬಳ ಸೇರಿಸಿದ್ರೆ ಅಲ್ಲೂ ನಮ್ಗೆ ಪೂರ್ತಿ ರೇಟೇ. ದಾವಣಗೆರೇಲಿ ನಮ್ಮಕ್ಕನಿಗೆ ಸರ್ಕಾರಿ ಆಸ್ಪತ್ರೇಲಿ ಹೆರಿಗೆ ಆದ ಮಾರನೇ ದಿನವೇ ಒಂದು ಪೈಸೆ ಇಲ್ದೆ ಹಾಕಿ ಕಳಿಸಿದ್ರು.

ನಿಮ್ಮ ಪ್ರಶ್ನೆಲಿ ಇನ್ನೊಂದು ಮಾತಿದೆ, "ಅವರ ದುಡ್ಡು, ಅವರ ಧರ್ಮ, ಬಲವಂತ ಯಾಕೆ" ಅಂತ. ಇದನ್ನ ನಾನು ಒಪ್ಪಲ್ಲ. ಅದು ಅವರ ದುಡ್ಡಲ್ಲ. ಪ್ರತಿ ಸಂಬಳದಲ್ಲೂ ಪ್ರೀಮಿಯಂ ಕಟ್ ಆಗುತ್ತೆ, ಕಂಪನಿ ಹಾಕೋ ಪಾಲೂ ನಿಮ್ಮ ಗಂಡ ದುಡಿದದ್ದೇ. ಸಂಬಳದಲ್ಲಿ ಏನು ಕೊಂಡ್ಕೋಬೇಕು ಅಂತ ಮಾಲೀಕರು ಹೇಳಲ್ಲ ತಾನೇ? 2014ರಲ್ಲಿ ಹಾಬಿ ಲಾಬಿ ಅನ್ನೋ ಕರಕುಶಲ ಸಾಮಾನಿನ ಅಂಗಡಿಯವರು ನಮ್ಮ ಧರ್ಮಕ್ಕೆ ವಿರುದ್ಧ, ಪ್ಲಾನಲ್ಲಿ ಕೊಡಲ್ಲ ಅಂತ ಸುಪ್ರೀಂ ಕೋರ್ಟಲ್ಲಿ 5-4ರಲ್ಲಿ ಗೆದ್ರಲ್ಲ, ಅವರು ಆಕ್ಷೇಪ ಎತ್ತಿದ್ದು ನಾಲ್ಕು ವಿಧಾನಕ್ಕೆ, ಅದರಲ್ಲಿ ಎರಡು ಕಾಪರ್-ಟಿ ತರ ಗರ್ಭಕೋಶದೊಳಗೆ ಇಡೋ ಸಾಧನಗಳು. ಅಂದ್ರೆ ಬೆಲೆ ಜಾಸ್ತಿ ಇರೋದಕ್ಕೂ ಕತ್ತರಿ. ಆಮೇಲೆ ಟ್ರಂಪ್ ಸರ್ಕಾರ ವಿನಾಯಿತಿನ ಇನ್ನೂ ಅಗಲ ಮಾಡ್ತು, 2020ರ ಜುಲೈನಲ್ಲಿ ಕೋರ್ಟ್ 7-2ರಲ್ಲಿ ಅದನ್ನೂ ಎತ್ತಿಹಿಡೀತು. ಇದರಿಂದ 70,500ರಿಂದ 1,26,400 ಹೆಂಗಸರಿಗೆ ಸೌಲಭ್ಯ ತಪ್ಪಬಹುದು ಅಂತ ಸರ್ಕಾರದ್ದೇ ಅಂದಾಜಿತ್ತು, ಜಸ್ಟಿಸ್ ಗಿನ್ಸ್‌ಬರ್ಗ್ ತಮ್ಮ ಭಿನ್ನ ತೀರ್ಪಲ್ಲಿ ಅದನ್ನ ಎತ್ತಿ ಹೇಳಿದಾರೆ (ಆ ಕೇಸಿನ ವಾದವನ್ನ ಆಯಮ್ಮ ಆಸ್ಪತ್ರೆ ಹಾಸಿಗೆಯಿಂದ ಫೋನಲ್ಲಿ ಕೇಳಿ ಪ್ರಶ್ನೆ ಹಾಕಿದ್ರು, ನೆನೆಸ್ಕೊಂಡ್ರೆ ಈಗ್ಲೂ ಗಂಟಲು ಕಟ್ಟುತ್ತೆ). ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆಗೆಸಿತ್ತು. ಅಲ್ಲಿಂದ ಬಂದವರು ನಾವು ಇದನ್ನ ಶೋಕಿ ಖರ್ಚು ಅನ್ನೋ ಹಾಗೆ ಮಾತಾಡ್ಬಾರ್ದು.

ಈಗ ಒಪಿಲ್ ಅಂತ ಚೀಟಿ ಇಲ್ದೆ ಸಿಗೋ ಮಾತ್ರೆ ಬಂದಿದೆ, ತಿಂಗಳಿಗೆ 20 ಡಾಲರ್ ಆಸುಪಾಸು, ಈಸ್ಟ್ರೋಜೆನ್ ಇಲ್ಲ. ನಿಮ್ಗೆ ಒಗ್ಗಿದ್ರೆ ಸಂತೋಷ. ಆದ್ರೆ ಒಗ್ಗುತ್ತೋ ಇಲ್ವೋ ಬರೋಕ್ ಮುಂಚೆ ಹೇಗೆ ಗೊತ್ತಾಗುತ್ತೆ?

ನಾನಾಗಿದ್ರೆ ಹೀಗೆ ಮಾಡ್ತಿದ್ದೆ. ಎಚ್‌ಆರ್‌ಗೆ ಗಂಡನ ಕೈಲಿ ಅಲ್ಲ, ನೀವೇ ಮೇಲ್ ಹಾಕಿ, ಪ್ಲಾನಿನ ಪೂರ್ತಿ ದಾಖಲೆ ಕೇಳಿ, ಎಕ್ಸ್‌ಕ್ಲೂಶನ್ಸ್ (ಏನೇನಕ್ಕೆ ದುಡ್ಡು ಕೊಡಲ್ಲ ಅನ್ನೋ ಪಟ್ಟಿ) ಅನ್ನೋ ಪುಟ ಓದಿ. ಪ್ಲಾನು ಸೆಲ್ಫ್ ಫಂಡೆಡ್ಡಾ, ಅಂದ್ರೆ ಚಿಕಿತ್ಸೆ ದುಡ್ಡು ಯೂನಿವರ್ಸಿಟಿನೇ ಕೈಯಿಂದ ಕೊಡುತ್ತಾ ಅಂತನೂ ಕೇಳಿ, ಹೌದು ಅಂದ್ರೆ ರಾಜ್ಯದ ಇನ್ಶೂರೆನ್ಸ್ ಕಾನೂನು ಅದಕ್ಕೆ ತಾಗಲ್ಲ, ಇಲಿನಾಯ್‌ನಲ್ಲಿ ಒಳ್ಳೇ ಕಾನೂನಿದ್ರೂ ನಂಗೆ ಅದು ಉಪಯೋಗಕ್ಕೆ ಬರ್ದಿದ್ದು ಇದಕ್ಕೇ. ಯೂನಿವರ್ಸಿಟಿ ಪೂರ್ತಿ ವಿನಾಯಿತಿ ತಗೊಂಡಿದ್ಯೋ, ಇಲ್ಲ ಅಕಾಮಡೇಶನ್ ಒಪ್ಪಿದ್ಯೋ ಅದನ್ನೂ ಕೇಳಿ. ಅಕಾಮಡೇಶನ್ ಆದ್ರೆ ಇನ್ಶೂರೆನ್ಸ್ ಕಡೆಯವರೇ ಬೇರೆ ಲೆಕ್ಕದಲ್ಲಿ ಖರ್ಚು ಕೊಡ್ತಾರೆ, ಯೂನಿವರ್ಸಿಟಿದು ಒಂದು ಪೈಸೆನೂ ಹೋಗಲ್ಲ.

ರಾಜ್ಯದ ಕಾನೂನೂ ತಾಗಲ್ಲ, ಅಕಾಮಡೇಶನ್ನೂ ಇಲ್ಲ ಅಂದ್ರೆ ನಿಮ್ಮೊಬ್ಬರಿಗೇ ಮಾರ್ಕೆಟ್‌ಪ್ಲೇಸಲ್ಲಿ (ಜನ ತಾವೇ ಇನ್ಶೂರೆನ್ಸ್ ಕೊಳ್ಳೋ ಸರ್ಕಾರಿ ತಾಣ) ಬೇರೆ ಪ್ಲಾನ್ ನೋಡಿ. ಎಚ್4ನವರೂ ಕೊಳ್ಬಹುದು, ಅಲ್ಲಿನ ಪ್ಲಾನುಗಳಲ್ಲಿ ಗರ್ಭನಿರೋಧಕ ಇರಲೇಬೇಕು. ಗಂಡನ ಕಡೆಯಿಂದ ಪ್ಲಾನ್ ಸಿಗ್ತಿದ್ರೆ ಸಬ್ಸಿಡಿ ಸಿಗೋದು ಕಷ್ಟ, ಪ್ರೀಮಿಯಂ ಜಾಸ್ತಿನೇ ಬೀಳುತ್ತೆ, ಲೆಕ್ಕ ಹಾಕಿ. ಹೊರದೇಶದಿಂದ ಬಂದಿಳಿದವರಿಗೆ ಸೇರೋಕೆ ಇರೋದು 60 ದಿನ, ಅದು ಮುಗಿದ್ರೆ ವರ್ಷದ ಸೇರ್ಪಡೆ ಶುರುವಾಗೋ ನವೆಂಬರ್ ತನಕ ಕಾಯ್ಬೇಕಾಗುತ್ತೆ, ಅದಕ್ಕೆ ಮನೆ ಸಾಮಾನು ಜೋಡಿಸೋ ಮುಂಚೆ ಈ ಕೆಲಸ ಮುಗಿಸ್ಕೊಳ್ಳಿ.