ಡಬ್ಬಿಗೆಂದೇ ಬೇರೆ ಅಡುಗೆ ಬೇಡ

ಈ ಸಲ ಊಟದ ಡಬ್ಬಿಯ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದು ಜಪಾನಿನಿಂದ ಬಂದದ್ದು. ಅದಕ್ಕೆ ಉತ್ತರ ಉದ್ದವಾಗಿದೆ. ಅಲ್ಲಿನ ಬೆಂಟೊ (ಊಟದ ಡಬ್ಬಿ) ಪದ್ಧತಿಯಿಂದ ನಮ್ಮ ಅಡುಗೆಮನೆ ಕಲಿಯುವಂಥದ್ದು ಬಹಳ ಇದೆ, ಹಾಗಾಗಿ ಊರಲ್ಲಿರುವವರೂ ಓದಿ.

ಪ್ರಶ್ನೆ: ನಾವು ಮೈಸೂರಿನವರು, ಈಗ ಯೊಕೊಹಾಮಾದಲ್ಲಿದ್ದೇವೆ. ನಾಲ್ಕು ವರ್ಷದ ಮಗಳು ಏಪ್ರಿಲ್‌ನಿಂದ ಇಲ್ಲಿನ ಶಿಶುವಿಹಾರಕ್ಕೆ ಹೋಗುತ್ತಿದ್ದಾಳೆ. ವಾರಕ್ಕೆ ಮೂರು ದಿನ ಮನೆಯಿಂದ ಬೆಂಟೊ ಕಳಿಸಬೇಕು. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನುವುದಿಲ್ಲ. ಬೇರೆ ತಾಯಂದಿರು ಅನ್ನದಲ್ಲೇ ಕರಡಿ, ಬೆಕ್ಕು ಮಾಡಿ ಕಳಿಸುತ್ತಾರೆ. ನಾನು ಐದಕ್ಕೇ ಎದ್ದರೂ ಹೊತ್ತು ಸಾಲುತ್ತಿಲ್ಲ. ಮಗಳು ಅರ್ಧ ಹಾಗೇ ವಾಪಸ್ ತರುತ್ತಾಳೆ. ಯಜಮಾನರ ಡಬ್ಬಿಯೂ ಆಗಬೇಕು. ಏನು ಮಾಡಲಿ ಮೇಡಂ?

ಉತ್ತರ: ಮೊದಲು ಆ ಕರಡಿ, ಬೆಕ್ಕುಗಳನ್ನು ಬಿಟ್ಟುಬಿಡಿ. ಹೊತ್ತು ಉಳಿಸಲು ಮಾತ್ರ ಹೇಳುತ್ತಿಲ್ಲ. ಬೇಯಿಸಿದ ಅನ್ನವನ್ನು ಬರಿಗೈಯಲ್ಲಿ ಒತ್ತಿ, ತಿದ್ದಿ, ಅಂಟಿಸಿದಷ್ಟೂ ಕೈಯ ಮೇಲಿನ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಅನ್ನಕ್ಕೆ ಸೇರುತ್ತದೆ. ಬೆಚ್ಚಗಿನ ಡಬ್ಬಿಯಲ್ಲಿ ಅದು ಬೆಳೆದು ವಿಷ ಬಿಡುತ್ತದೆ. ಜಪಾನಿನಲ್ಲಿ ಈಗ ಅನ್ನದುಂಡೆಯನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ಒತ್ತಿ ಅನ್ನುವುದು ಇದಕ್ಕೇ. ಮಗುವಿನ ಖುಷಿಗೆ ಬೇಯಿಸಿದ ಒಂದು ಕ್ಯಾರೆಟ್ ಹೂವು ಸಾಕು.

ಅರ್ಧ ವಾಪಸ್ ಬರುತ್ತದೆ ಅಂದರೆ ಡಬ್ಬಿಯ ಅಳತೆ ನೋಡಿ. ಅಲ್ಲಿ ಶಿಶುವಿಹಾರದ ಮಕ್ಕಳಿಗೆ ಮಾರುವ ಡಬ್ಬಿಗಳು ಹೆಚ್ಚಾಗಿ 280ರಿಂದ 450 ಮಿಲಿಲೀಟರ್‌ನವು. ನಿಮ್ಮದು ದೊಡ್ಡದಿದ್ದರೆ 300ರ ಆಸುಪಾಸಿನದಕ್ಕೆ ಇಳಿಯಿರಿ. ಡಬ್ಬಿ ಖಾಲಿ ಮಾಡಿದೆ ಅನ್ನುವ ಖುಷಿ ನಾಲ್ಕು ವರ್ಷದ ಮಗುವಿಗೆ ತುಂಬಾ ದೊಡ್ಡದು. ಮನೆಗೆ ಬಂದ ಮೇಲೆ ಇನ್ನೊಂದಿಷ್ಟು ಕೊಟ್ಟರಾಯಿತು.

ಒಳಗಿನ ಲೆಕ್ಕಕ್ಕೆ ಜಪಾನೀಯರು ಬಳಸುವ ಸುಲಭದ ಸೂತ್ರವೊಂದಿದೆ: ಅನ್ನ ಮೂರು ಪಾಲು, ಪ್ರೋಟೀನಿನ ಪದಾರ್ಥ ಒಂದು ಪಾಲು, ತರಕಾರಿ ಎರಡು ಪಾಲು. ತೂಗಬೇಕಾಗಿಲ್ಲ, ಡಬ್ಬಿಯಲ್ಲಿ ಹಿಡಿಯುವ ಜಾಗವೇ ಅಳತೆ. ಅರ್ಧಕ್ಕೆ ಅನ್ನ, ಉಳಿದರ್ಧದಲ್ಲಿ ಹೆಚ್ಚು ಭಾಗ ಪಲ್ಯ, ಮಿಕ್ಕಿದ್ದರಲ್ಲಿ ಕಾಳು, ಪನೀರು ಅಥವಾ ತೋಫು. ನಮ್ಮ ಡಬ್ಬಿಗಳಲ್ಲಿ ಮುಕ್ಕಾಲು ಭಾಗ ಚಿತ್ರಾನ್ನವೇ ಇರುತ್ತದಲ್ವಾ? ಹೊಟ್ಟೆ ತುಂಬುತ್ತದೆ, ಆದರೆ ತರಕಾರಿ, ಬೇಳೆ ಎರಡೂ ಕಮ್ಮಿಯಾಗುತ್ತವೆ.

ಇನ್ನು ಚಿತ್ರಾನ್ನ. ಸೋನಾ ಮಸೂರಿ ಆರಿದ ಮೇಲೆ ಗಟ್ಟಿಯಾಗುತ್ತದೆ, ಬಾಸ್ಮತಿ ಇನ್ನೂ ಜಾಸ್ತಿ. ತಣ್ಣಗಾದಾಗ ಅಕ್ಕಿಯ ಪಿಷ್ಟ ಬಿಗಿಯುವುದೇ ಕಾರಣ. ಜಪಾನಿನ ಗಿಡ್ಡ ಅಕ್ಕಿಯಲ್ಲಿ ಬಿಗಿಯುವ ಜಾತಿಯ ಪಿಷ್ಟ ಕಮ್ಮಿ, ಅದಕ್ಕೇ ಆರಿದ ಮೇಲೂ ಮೆತ್ತಗಿರುತ್ತದೆ. ಅದರಲ್ಲೇ ಚಿತ್ರಾನ್ನ ಮಾಡಿ. ಬಿಸಿಯಲ್ಲಿ ಕಲೆಸಿದರೆ ಮುದ್ದೆಯಾಗುತ್ತದೆ, ಹಾಗಾಗಿ ಅಗಲ ತಟ್ಟೆಗೆ ಹರಡಿ, ಒಂದು ಚಮಚ ಎಣ್ಣೆ ಹಾಕಿ, ಆರಿದ ಮೇಲೆ ಒಗ್ಗರಣೆ ಸೇರಿಸಿ. ನಿಂಬೆರಸ ಕೊನೆಗೆ. ಮಗಳ ಪಾಲಿಗೆ ಕಡಲೆಕಾಯಿ ಬೀಜ ಮಾತ್ರ ಬೇಡವೇ ಬೇಡ. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಗಟ್ಟಿ ಕಾಳು, ಬೀಜ ಕೊಡಬಾರದೆಂದು ಜಪಾನಿನ ಗ್ರಾಹಕ ವ್ಯವಹಾರ ಇಲಾಖೆ 2021ರಲ್ಲಿ ಎಚ್ಚರಿಸಿದೆ. ಅವು ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತವೆ. ಒಗ್ಗರಣೆಯ ಕಡಲೆಬೇಳೆಯೂ ಅದೇ ಸಾಲಿನದು. ಬದಲಿಗೆ ಹುರಿದು ಪುಡಿ ಮಾಡಿದ ಎಳ್ಳು ಹಾಕಿ, ಎಳ್ಳಿನ ಅಲರ್ಜಿ ಇಲ್ಲದಿದ್ದರೆ. ಅಲ್ಲಿ ಎಳ್ಳುಪುಡಿ ಪ್ಯಾಕೆಟ್‌ನಲ್ಲೇ ಸಿಗುತ್ತದೆ. ದ್ರಾಕ್ಷಿ, ಪುಟ್ಟ ಟೊಮೆಟೊ ಇದ್ದರೆ ಉದ್ದಕ್ಕೆ ನಾಲ್ಕು ಹೋಳು ಮಾಡಿ. ಇಡೀದಾಗಿ ಹಾಕಲೇಬೇಡಿ.

ಪ್ರೋಟೀನಿನ ಪಾಲಿಗೆ ನನ್ನ ಮೊದಲ ಆಯ್ಕೆ ಪಡ್ಡು. ಅಲ್ಲಿ ತಕೊಯಾಕಿ ಮಾಡುವ ಗುಳಿಗಳ ತವಾ ಎಲ್ಲಾ ಕಡೆ ಸಿಗುತ್ತದೆ, ಅದರಲ್ಲಿ ನಮ್ಮ ಪಡ್ಡು ಚೆನ್ನಾಗಿ ಏಳುತ್ತದೆ. ದೋಸೆ ಹಿಟ್ಟಿಗೆ ತುರಿದ ಕ್ಯಾರೆಟ್, ಬೇಯಿಸಿ ಹಿಸುಕಿದ ಎದಮಾಮೆ (ಹಸಿ ಸೋಯಾ ಕಾಳು), ಚೂರು ಜೀರಿಗೆ ಹಾಕಿ. ಭಾನುವಾರ ಒಂದು ರಾಶಿ ಮಾಡಿ ಫ್ರೀಜರ್‌ಗೆ ಹಾಕಿಬಿಡಿ. ಬೆಳಿಗ್ಗೆ ನಾಲ್ಕು ತೆಗೆದು ಒಳಗಿನವರೆಗೂ ಬಿಸಿ ಮಾಡಿ, ಆರಿಸಿ, ಡಬ್ಬಿಗೆ ಇಡಿ. ಚಿಕ್ಕ ಕೈಗೆ ಹಿಡಿಯಲು ಸುಲಭ, ರಸ ಸೋರುವುದಿಲ್ಲ, ತಣ್ಣಗಿದ್ದರೂ ರುಚಿ ಕೆಡುವುದಿಲ್ಲ. ಇನ್ನೊಂದು, ತೋಫು. ಗಟ್ಟಿ ತೋಫುವನ್ನು ಬಟ್ಟೆಯಲ್ಲಿ ಸುತ್ತಿ ಮೇಲೆ ಭಾರ ಇಟ್ಟು ನೀರು ಇಳಿಸಿ. ತುಂಡು ಮಾಡಿ, ಅಕ್ಕಿಹಿಟ್ಟು ಸವರಿ, ಚಿಟಿಕೆ ಸಾರಿನ ಪುಡಿ ಉದುರಿಸಿ ತವಾದ ಮೇಲೆ ಕೆಂಪಗೆ ಮಾಡಿ.

ಪಲ್ಯ ರಾತ್ರಿಯದೇ ಇರಲಿ. ಹುರುಳಿಕಾಯಿಯೋ ಕೋಸೋ, ಊಟಕ್ಕೆ ಬಡಿಸುವ ಮುಂಚೆಯೇ ಡಬ್ಬಿಯ ಪಾಲನ್ನು ಬೇರೆ ಬಟ್ಟಲಿಗೆ ತೆಗೆದು, ಆರುತ್ತಿದ್ದಂತೆ ಫ್ರಿಜ್‌ಗೆ ಇಡಿ. ಬೆಳಿಗ್ಗೆ ಮತ್ತೆ ಚೆನ್ನಾಗಿ ಬಿಸಿ ಮಾಡಿ, ಪೂರ್ತಿ ಆರಿಸಿ. ಜೂನ್‌ನಲ್ಲಿ ಶುರುವಾಗುವ ಮಳೆಗಾಲದಿಂದ ಸೆಪ್ಟೆಂಬರ್‌ವರೆಗೆ ಹಸಿ ತೆಂಗಿನಕಾಯಿ ಹಾಕಬೇಡಿ, ಬೇಗ ಹಳಸುತ್ತದೆ. ಒಣಕೊಬ್ಬರಿ ಹುರಿದು ಹಾಕಿ. ಆ ತಿಂಗಳುಗಳಲ್ಲಿ ಡಬ್ಬಿಯ ಮೇಲೆ ಒಂದು ಐಸ್ ಪ್ಯಾಕ್ ಇರಲಿ. ಚಳಿಗಾಲದಲ್ಲಿ ಕೆಲವು ಶಿಶುವಿಹಾರಗಳು ಡಬ್ಬಿಗಳನ್ನು ಬಿಸಿ ಪೆಟ್ಟಿಗೆಯಲ್ಲಿ ಇಡುತ್ತವೆ, ಅದಕ್ಕೆ ಅಲ್ಯೂಮಿನಿಯಂ ಡಬ್ಬಿ ಬೇಕು. ನಿಮ್ಮಲ್ಲೂ ಹಾಗಿದ್ದರೆ ಆ ದಿನಗಳಲ್ಲಿ ಮೊಸರನ್ನ, ಸೌತೆಕಾಯಿ, ಹಣ್ಣು ಅದರೊಳಗೆ ಬೇಡ.

ಸಸ್ಯಾಹಾರಿಗಳಾಗಿ ನೀವು ನೋಡಬೇಕಾದ್ದು ಇನ್ನೊಂದಿದೆ. ಅನ್ನದ ಮೇಲೆ ಉದುರಿಸುವ ಫುರಿಕಾಕೆ ಪುಡಿ, ಮಸಾಲೆಯಲ್ಲಿ ಬೇಯಿಸಿಟ್ಟ ತೋಫು, ತರಕಾರಿಯ ರೆಡಿ ಪದಾರ್ಥ, ಇವುಗಳಲ್ಲಿ ಬಹಳಷ್ಟಕ್ಕೆ ಒಣ ಮೀನಿನ ಪುಡಿ ಅಥವಾ ಮೀನಿನ ತಿಳಿಸಾರು ಸೇರಿರುತ್ತದೆ. ಪೊಟ್ಟಣದ ಹಿಂದೆ ಓದಿಯೇ ತೆಗೆದುಕೊಳ್ಳಿ. ಕೊಂಬು ಅನ್ನುವ ಸಮುದ್ರದ ಸೊಪ್ಪಿನ ತಿಳಿಸಾರು ನಿಮಗೆ ಆಗುತ್ತದೆ.

ಬೆಳಗಿನ ಕೆಲಸ ಹೀಗೆ ಇಳಿಯುತ್ತದೆ: ರೈಸ್ ಕುಕ್ಕರ್‌ಗೆ ರಾತ್ರಿಯೇ ಟೈಮರ್ ಇಡಿ, ಆರಕ್ಕೆ ಅನ್ನ ಆಗಿರಲಿ. ಅನ್ನ ಆರುವಷ್ಟರಲ್ಲಿ ಪಡ್ಡು, ಪಲ್ಯ ಬಿಸಿ ಮಾಡಿ. ಯಜಮಾನರಿಗೂ ಇದೇ ಊಟ. ಅವರ 800-900 ಮಿಲಿಲೀಟರ್ ಡಬ್ಬಿಗೆ ಕಡಲೆಕಾಯಿ ಬೀಜ, ಒಂದು ಉಪ್ಪಿನಕಾಯಿ ಹೋಳು ಜಾಸ್ತಿ, ಅಷ್ಟೇ. ಈ ಅಭ್ಯಾಸ ಮುಂದಕ್ಕೂ ಬೇಕಾಗುತ್ತದೆ. ಮಗಳು ಪ್ರಾಥಮಿಕ ಶಾಲೆಗೆ ಹೋದಾಗ ಹೆಚ್ಚಿನ ಸರ್ಕಾರಿ ಶಾಲೆಗಳಲ್ಲಿ ಊಟ ಅಲ್ಲೇ ಸಿಗುತ್ತದೆ. 1954ರ ಶಾಲಾ ಊಟದ ಕಾನೂನು ಅದಕ್ಕೆ ಬುನಾದಿ. ಆದರೆ ಅದರಲ್ಲಿ ಮೀನು, ಮಾಂಸ ಸಾಮಾನ್ಯ. ಆಗ ಶಾಲೆಯವರ ಜೊತೆ ಮಾತಾಡಿ, ಮನೆ ಡಬ್ಬಿಗೆ ಒಪ್ಪಿಗೆ ಕೇಳಬೇಕಾಗುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ನನ್ನ ಇಬ್ಬರು ಮಕ್ಕಳ ಡಬ್ಬಿ ಏಳೂಕಾಲಿಗೆ ಹೊರಡುತ್ತದೆ. ಹನ್ನೆರಡೂವರೆಗೆ ತಿನ್ನುತ್ತಾರೆ. ಅಷ್ಟರಲ್ಲಿ ಅನ್ನಕ್ಕೆ ವಾಸನೆ ಬಂದಿರುತ್ತದಂತೆ, ಚಪಾತಿ ಒದ್ದೆ. ಚೆಂದ ಕಾಣುತ್ತದೆ ಅಂತ ಖಾನೆಗಳಿರುವ ಬೆಂಟೊ ಡಬ್ಬಿ ತಂದೆ, ಸಾಂಬಾರು ಬ್ಯಾಗಿಗೆಲ್ಲ ಚೆಲ್ಲಿತು. ಹಳೇ ಸ್ಟೀಲ್ ಡಬ್ಬಿಯೇ ವಾಸಿಯಾ?

ಉತ್ತರ: ಎರಡೂ ಡಬ್ಬಿ ಒಳ್ಳೆಯವೇ. ತೊಂದರೆ ಇರುವುದು ಬಿಸಿ ಬಿಸಿ ಅನ್ನದ ಮೇಲೆ ಮುಚ್ಚಳ ಬಿಗಿಯುವುದರಲ್ಲಿ. ಮುಚ್ಚಿದ ಕೂಡಲೇ ಹಬೆ ಮುಚ್ಚಳಕ್ಕೆ ತಾಗಿ ನೀರಾಗುತ್ತದೆ, ಆ ನೀರು ಅನ್ನದ ಮೇಲೆ, ಚಪಾತಿಯ ಮೇಲೆ ತೊಟ್ಟಿಕ್ಕುತ್ತದೆ. ಡಬ್ಬಿ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಬ್ಯಾಕ್ಟೀರಿಯಾಕ್ಕೆ ಬೇಕಾದ್ದು ಇಷ್ಟೇ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅವು ಬೆಳೆಯುತ್ತವೆ.

ಅನ್ನದ ವಿಷಯದಲ್ಲಿ ಇದು ಇನ್ನೂ ಮುಖ್ಯ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅಕ್ಕಿಯಲ್ಲಿ ಇದ್ದೇ ಇರಬಹುದು, ಅವು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತರೆ ಚಿಗುರಿ ವಿಷ ಬಿಡುತ್ತವೆ. ವಾಂತಿ ಬರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನಿಂಬೆರಸ ಹಿಂಡಿದರೂ ಹೋಗುವುದಿಲ್ಲ. ರಾತ್ರಿಯ ಅನ್ನವನ್ನು ಪಾತ್ರೆಯಲ್ಲೇ ಹೊರಗೆ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಕಲೆಸುವುದು ನಮ್ಮ ಎಷ್ಟೋ ಮನೆಗಳ ರೂಢಿ. ದಯವಿಟ್ಟು ಮಕ್ಕಳ ಡಬ್ಬಿಗೆ ಹೀಗೆ ಮಾಡಬೇಡಿ. ಅನ್ನ ಉಳಿಯುತ್ತದೆ ಅನ್ನಿಸಿದರೆ ತಟ್ಟೆಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ. ಆಮೇಲೆ ಧಾರಾಳವಾಗಿ ಚಿತ್ರಾನ್ನ ಮಾಡಿ.

ಬೆಳಗಿನ ಅನ್ನವಾದರೆ ಅಗಲ ತಟ್ಟೆ, ಮೇಲೆ ಫ್ಯಾನ್, ಹದಿನೈದು ನಿಮಿಷ. ಪಲ್ಯಕ್ಕೂ ಹಾಗೇ. ಮುಟ್ಟಿದಾಗ ಬೆಚ್ಚಗೆ ಅನ್ನಿಸದಿದ್ದ ಮೇಲೆ ಡಬ್ಬಿಗೆ ತುಂಬಿ ಮುಚ್ಚಳ ಹಾಕಿ. ಬಿಸಿಯಾಗಿಯೇ ಕಳಿಸಬೇಕೆಂದರೆ ಬಿಸಿ ಆರದ ಫ್ಲಾಸ್ಕ್ ಡಬ್ಬಿ ಬೇಕು. ಅದಕ್ಕೆ ಮೊದಲು ಕುದಿಯುವ ನೀರು ತುಂಬಿ ಐದು ನಿಮಿಷ ಬಿಡಿ, ಚೆಲ್ಲಿ, ಕೊತಕೊತ ಕುದಿಯುತ್ತಿರುವ ಬಿಸಿಬೇಳೆಬಾತನ್ನು ಕುತ್ತಿಗೆವರೆಗೂ ತುಂಬಿ. ಒಂದೋ ಚೆನ್ನಾಗಿ ಬಿಸಿ, ಇಲ್ಲವೇ ಪೂರ್ತಿ ಆರಿದ್ದು. ನಡುವಿನ ಉಗುರುಬೆಚ್ಚಗಿನದೇ ಅಪಾಯ.

ಬೆಂಟೊ ಡಬ್ಬಿ ಒಣ ಪದಾರ್ಥಕ್ಕೆ ಮಾಡಿದ್ದು, ಅದರಲ್ಲಿ ಸಾಂಬಾರು ನಿಲ್ಲದು. ಅದರ ಬದಲು ಗಟ್ಟಿ ತೊವ್ವೆ, ಹೀರೆಕಾಯಿ ಗೊಜ್ಜು, ಹುರಿದ ಕಾಳು ಹಾಕಿ. ಕಾಯಿಚಟ್ನಿಯ ಜಾಗಕ್ಕೆ ಶೇಂಗಾ ಚಟ್ನಿಪುಡಿ, ಅದಕ್ಕೆ ಎಣ್ಣೆ. ನನ್ನ ಪ್ರಕಾರ ಡಬ್ಬಿಗೆ ಪುಳಿಯೋಗರೆಯನ್ನು ಮೀರಿದ ಅನ್ನ ಇಲ್ಲ. ಜಪಾನೀಯರು ಡಬ್ಬಿಯ ಅನ್ನದ ನಡುವೆ ಉಪ್ಪು ಹುಳಿಯ ಉಮೆಬೊಶಿ ಕಾಯಿ ಇಡುತ್ತಾರೆ, ಅನ್ನ ಕೆಡದಿರಲಿ ಅಂತ. ಆದರೆ ಅದರ ಕೆಲಸ ಸುತ್ತಲಿನ ನಾಲ್ಕು ಅಗುಳಿಗೆ ಮಾತ್ರ. ಪುಳಿಯೋಗರೆಯಲ್ಲಿ ಹುಣಸೆ, ಉಪ್ಪು, ಎಣ್ಣೆ ಪ್ರತಿ ಅಗುಳಿಗೂ ಹತ್ತಿರುತ್ತದೆ. ಗೊಜ್ಜನ್ನು ತಿಂಗಳಿಗಾಗುವಷ್ಟು ಕುದಿಸಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಕಲೆಸುವುದಷ್ಟೇ ಕೆಲಸ.

ಚಪಾತಿ ಹಿಟ್ಟನ್ನು ಬಿಸಿನೀರಲ್ಲಿ ಕಲೆಸಿ, ಅರ್ಧ ಗಂಟೆ ನೆನೆಯಲು ಬಿಡಿ. ಬೇಯಿಸಿದ ಮೇಲೆ ಒಂದರ ಮೇಲೊಂದು ಒಟ್ಟದೆ ಬಿಡಿಬಿಡಿಯಾಗಿ ಹಬೆ ಹೋಗಲಿ, ಆಮೇಲೆ ತುಪ್ಪ ಸವರಿ ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ. ಸೌತೆಕಾಯಿ, ಕೋಸಂಬರಿಗೆ ಉಪ್ಪು ಮನೆಯಲ್ಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ, ಉಪ್ಪನ್ನು ಪುಟ್ಟ ಪೊಟ್ಟಣದಲ್ಲಿ ಬೇರೆ ಕಳಿಸಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಕಾಲೇಜಿಗೆ ಹೋಗುವ ಮಗ ರೊಟ್ಟಿ ಡಬ್ಬಿ ಒಯ್ಯಲು ಒಲ್ಲೆ ಅಂತಾನ. ಗೆಳೆಯರು ಚೆಂದದ ಡಬ್ಬಿ ತರ್ತಾರಂತ. ರೊಟ್ಟಿ ಬಿಟ್ಟು ಬ್ರೆಡ್ ಹಾಕಿ ಕೊಡಲೇ?

ಉತ್ತರ: ಬೇಡ್ರಿ. ಡಬ್ಬಿ ಬದಲಿಸಿ, ಊಟ ಬದಲಿಸಬೇಡಿ. ಖಡಕ್ ರೊಟ್ಟಿಯಲ್ಲಿ ನೀರಿನ ಅಂಶ ಬಹಳ ಕಮ್ಮಿ, ಅದಕ್ಕೇ ವಾರಗಟ್ಟಲೆ ಇಟ್ಟರೂ ಕೆಡುವುದಿಲ್ಲ. ದುಂಡಗಿನ ರೊಟ್ಟಿಯನ್ನು ನಾಲ್ಕಾಗಿ ಮುರಿದರೆ ಚೌಕ ಡಬ್ಬಿಯಲ್ಲೂ ಕೂರುತ್ತದೆ. ಬಿಸಿ ರೊಟ್ಟಿಯಾದರೆ ಆರಿಸಿ ಬಟ್ಟೆಯಲ್ಲಿ ಸುತ್ತಿ.

ಜೊತೆಗೆ ಝುಣಕದ ವಡಿ ಹಾಕಿಕೊಡಿ. ಕಡಲೆಹಿಟ್ಟು, ಬೆಳ್ಳುಳ್ಳಿ, ಖಾರ ಹಾಕಿ ಗಟ್ಟಿಯಾಗಿ ತಿರುವಿ, ಎಣ್ಣೆ ಸವರಿದ ತಾಟಿಗೆ ತಟ್ಟಿ, ಆರಿದ ಮೇಲೆ ಶಂಕರಪೋಳೆಯಂತೆ ಓರೆಯಾಗಿ ಕೊಯ್ದರೆ ಕೈಯಲ್ಲೇ ಎತ್ತಿ ತಿನ್ನಬಹುದು. ಮೇಲಿನ ಒಣಕೊಬ್ಬರಿ, ಕೊತ್ತಂಬರಿ ಸೊಪ್ಪಿನಿಂದ ನೋಡಲೂ ಚೆಂದ. ಇನ್ನೊಂದು ಖಾನೆಗೆ ಮಡಕಿಕಾಳಿನ ಒಣ ಪಲ್ಯ, ಮತ್ತೊಂದಕ್ಕೆ ಸವತಿಕಾಯಿ, ಮೂಲಂಗಿ ಹೋಳು. ಹಸಿ ಉಳ್ಳಾಗಡ್ಡಿ ಬೇಡ, ವಾಸನೆ ಇಡೀ ಡಬ್ಬಿಗೆ ಹತ್ತುತ್ತದೆ. ಎಣ್ಣೆಗಾಯಿ ಮಾಡಿದ ದಿನ ಎಣ್ಣೆ ಹಿಂದಿಟ್ಟು ಬರೀ ಬದನೆಕಾಯಿ ತೆಗೆದು ಹಾಕಿ. ಶೇಂಗಾ ಹಿಂಡಿಗೆ ಮೊಸರು ಕಲೆಸುವುದಿದ್ದರೆ ಮೊಸರನ್ನು ತಿರುಗಣೆ ಮುಚ್ಚಳದ ಪುಟ್ಟ ಡಬ್ಬಿಯಲ್ಲಿ ಬೇರೆ ಕೊಡಿ, ಊಟದ ಹೊತ್ತಿಗೆ ಅವನೇ ಕಲೆಸಿಕೊಳ್ಳಲಿ.