1640ರ ಮಾನಹಾನಿ ದಾವೆಗೆ ತೀರ್ಪು ಸಿಗದಿದ್ದರೆ

ಇಂಗ್ಲೆಂಡಿನ ಕುಲೀನನೊಬ್ಬ ತನ್ನನ್ನು ಸುಳ್ಳುಗಾರ ಎಂದವನ ಮೇಲೆ 1640ರಲ್ಲಿ ಹೂಡಿದ ದಾವೆ ನಿಮಗೆ ಸಾಮಾನ್ಯ ನ್ಯಾಯಾಲಯದ ಕಡತಗಳಲ್ಲಿ ಸಿಗದಿರುವುದಕ್ಕೆ ಕಾರಣ, ಅದು ಬಹುಶಃ ಅರ್ಲ್ ಮಾರ್ಷಲ್ ಎಂಬ ರಾಜ್ಯಾಧಿಕಾರಿಯ ಕೋರ್ಟ್ ಆಫ್ ಶಿವಲ್ರಿಗೆ, ಅಂದರೆ ಕುಲೀನರ ಮಾನ ಮತ್ತು ವಂಶಲಾಂಛನಗಳ ವ್ಯಾಜ್ಯ ನೋಡುತ್ತಿದ್ದ ನ್ಯಾಯಾಲಯಕ್ಕೆ, ಹೋಗಿತ್ತು. ದ್ವಂದ್ವಯುದ್ಧಕ್ಕೆ ಕೆರಳಿಸುವ ಬೈಗುಳ ಅಲ್ಲಿ ವಿಚಾರಣೆಗೆ ಬರುತ್ತಿತ್ತು. ಉಳಿದ ನ್ಯಾಯಾಲಯಗಳು ಅನುಸರಿಸುತ್ತಿದ್ದ ಸಾಮಾನ್ಯ ಕಾನೂನಿನಲ್ಲಿ (ಕಾಮನ್ ಲಾ) ಬರೀ ‘ಸುಳ್ಳುಗಾರ’ ಎಂದದ್ದಕ್ಕೆ ದಾವೆ ನಿಲ್ಲುತ್ತಿರಲಿಲ್ಲ.

ಮೊದಲು ವಂಶಲಾಂಛನಗಳ ದಾಖಲೆ ಇಡುವ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್‌ನ ಕಡತಗಳನ್ನು ನೋಡಿ, ಆಮೇಲೆ ಅರ್ಲ್ ಮಾರ್ಷಲ್‌ನ ಮನೆತನದ ಅರಂಡೆಲ್ ಕೋಟೆಯವನ್ನು. ಸಾಕ್ಷಿಗಳ ಹೇಳಿಕೆಗಳನ್ನು ಮಾತ್ರ ಬಿಡಬೇಡಿ. ಯಾರೆದುರು, ಯಾವ ಸಿಟ್ಟಿಗೆ ಆ ಮಾತು ಬಂತು ಎನ್ನುವುದು ತಿಳಿಯುವುದೇ ಅಲ್ಲಿ. ನನಗಂತೂ ತೀರ್ಪಿಗಿಂತ ಅವೇ ಅಮೂಲ್ಯ.

ತೀರ್ಪು ಅಲ್ಲೂ ಇಲ್ಲವಾದರೆ ಪಾರ್ಲಿಮೆಂಟಿನ ಕಡೆ ನೋಡಿ. ಹಂಸದ ಲಾಂಛನವನ್ನು ಹೆಬ್ಬಾತು ಎಂದು ಕರೆದವನೊಬ್ಬ ದಂಡ ತೆತ್ತು ಹಾಳಾದ ಕತೆ ಹೇಳಿ ಪಾರ್ಲಿಮೆಂಟ್ ಸದಸ್ಯ ಎಡ್ವರ್ಡ್ ಹೈಡ್ 1640ರಲ್ಲಿ ಈ ನ್ಯಾಯಾಲಯವನ್ನು ಖಂಡಿಸಿದ. ಆ ಡಿಸೆಂಬರಿನಲ್ಲಿ ಕಲಾಪವೇ ನಿಂತಿತು. ನಿಮ್ಮ ದಾವೆ ಅಲ್ಲಿಗೇ ಕೈಬಿಟ್ಟುಹೋಗಿರಬಹುದು, ಅಥವಾ ಅದಕ್ಕೂ ಮೊದಲೇ ರಾಜಿಯಾಗಿರಬಹುದು.